ವಿಮಾನಗಳ ರೇಡಿಯೋ ದೀಪಸ್ತಂಭಗಳು

ಕಡಲತೀರದ ದೀಪಸ್ತಂಭವು ನಾವಿಕನಿಗೆ ದಾರಿ ತೋರುವಂತೆ, ವಿಮಾನ ನಿಲ್ದಾಣಗಳ ಬಳಿಯಿರುವ ಸಣ್ಣ ರೇಡಿಯೋ ಪ್ರೇಷಕಗಳು ವಿಮಾನಚಾಲಕನಿಗೆ ದಿಕ್ಕು ತೋರುತ್ತ ಬಂದಿವೆ. ಇವು ಎಲ್ಲ ಕಡೆಗೂ ಸಮನಾಗಿ ಅಲೆಗಳನ್ನು ಬೀರುತ್ತ, ತಮ್ಮ ಗುರುತಿನ ಎರಡು ಮೂರು ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಮತ್ತೆ ಮತ್ತೆ ಸಾರುತ್ತವೆ. ಮಾತಿಲ್ಲ, ಸಂಗೀತವಿಲ್ಲ. ಆದರೂ ಈ ಸದ್ದನ್ನು ಬಹುದೂರದಿಂದ ಹಿಡಿಯುವುದನ್ನೇ ಹವ್ಯಾಸವಾಗಿ ಮಾಡಿಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಹಾಸನ ಸೀಮೆಯ ವಿದ್ಯಾರ್ಥಿಗಳೂ ಇದರಲ್ಲಿ ತೊಡಗಬಹುದು.

ಈ ದೀಪಸ್ತಂಭಗಳಲ್ಲಿ ಹೆಚ್ಚಿನವು 200ರಿಂದ 400 ಕಿಲೋಹರ್ಟ್ಸ್‌ಗಳ ಆಸುಪಾಸಿನಲ್ಲಿ ನುಡಿಯುತ್ತವೆ. 300 ಕಿಲೋಹರ್ಟ್ಸ್ ಅಲೆಯ ಉದ್ದ ಹೆಚ್ಚುಕಡಮೆ ಒಂದು ಕಿಲೋಮೀಟರು! ಮನೆಯ ರೇಡಿಯೋ ಸುಮಾರು 530ರಿಂದ ಮೊದಲಾಗುವುದರಿಂದ ಇಲ್ಲಿ ನಿರುಪಯೋಗಿ. ದೀರ್ಘತರಂಗದ ಗ್ರಾಹಕವೇ ಬೇಕು. ಗುರುತಿನ ಸ್ವರ ಸಾಮಾನ್ಯವಾಗಿ 1020 ಹರ್ಟ್ಸ್. ಆದುದರಿಂದ ಮೋರ್ಸ್ ಕೇಳುವ ಸೌಕರ್ಯವುಳ್ಳ ಗ್ರಾಹಕದಲ್ಲಿ 300ರ ದೀಪಸ್ತಂಭದ ಹೆಸರನ್ನು 301.02ರಲ್ಲಿಯೋ 298.98ರಲ್ಲಿಯೋ ಹುಡುಕಬೇಕು.

ಹಗಲಿನಲ್ಲಿ ದೂರದ ನಿಲ್ದಾಣಗಳು ಕೇಳಿಸವು. ನೆಲದಿಂದ 60–90 ಕಿ.ಮೀ. ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ಉಂಟಾಗುವ ಅಯಾನುಗಳ ಪದರವು ಮೇಲೇರುವ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗಿ, ಅಲೆಗಳು ಸುಮಾರು 100 ಕಿ.ಮೀ. ಎತ್ತರದ ಮತ್ತೊಂದು ಪದರವನ್ನು ತಾಕಿ ಭೂಮಿಗೆ ಮರಳುತ್ತವೆ. ಒಂದೇ ನೆಗೆತಕ್ಕೆ 2000 ಕಿ.ಮೀ. ದಾಟುವುದೂ ಸಾಧ್ಯ. ಕೇಳುಗನಿಗೆ ಹಬ್ಬವಾದ ಇದೇ ಸಂಗತಿ ಚಾಲಕನಿಗೆ ಅಪಾಯ. ಮೇಲಿನಿಂದ ಇಳಿದ ಅಲೆಯು ನೆಲದ ಗುಂಟ ಬಂದ ಅಲೆಯೊಡನೆ ಬೆರೆತಾಗ ಅವನ ದಿಕ್ಸೂಚಕದ ಮುಳ್ಳು ಅಲ್ಲಾಡಿ ತಪ್ಪು ದಿಕ್ಕನ್ನು ತೋರುತ್ತದೆ.

ಇದನ್ನು ನಾವೇ ಪರೀಕ್ಷಿಸಬಹುದು. ಫೆರೈಟ್ ಸರಳಿನ ಆಂಟೆನಾವನ್ನು ತಿರುಗಿಸುತ್ತ ಹೋದರೆ, ಸರಳಿನ ತುದಿ ನಿಲ್ದಾಣದತ್ತ ನೆಟ್ಟಾಗ ಸದ್ದು ಅಡಗುತ್ತದೆ. ಹಾಸನದಲ್ಲೊಬ್ಬರು, ಅದರ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದ ಅರಕಲಗೂಡಿನಲ್ಲೊಬ್ಬರು ಹೀಗೆ ಗೆರೆಯೆಳೆಯಲಿ. ಪೂರ್ವಕ್ಕೆ ಬೆಂಗಳೂರಿನಷ್ಟು ದೂರದ, ಎಂದರೆ ನೇರ 165 ಕಿ.ಮೀ. ಆಚೆಯ ದೀಪಸ್ತಂಭವಾದರೆ ಎರಡು ಗೆರೆಗಳ ನಡುವಣ ಕೋನ ಸುಮಾರು 9 ಡಿಗ್ರಿ. ಭೂಪಟದಲ್ಲಿ ಅವು ಕೂಡುವ ಜಾಗ ತಕ್ಕಮಟ್ಟಿಗೆ ತಿಳಿಯುತ್ತದೆ. 1000 ಕಿ.ಮೀ. ಆಚೆಯದಾದರೆ ಕೋನ ಒಂದೂವರೆ ಡಿಗ್ರಿಯೂ ಇಲ್ಲ. ನಮ್ಮ ಕೈಯ ತಪ್ಪೇ ಅದಕ್ಕಿಂತ ದೊಡ್ಡದು! ಅಲ್ಲಿ ನಂಬಬೇಕಾದುದು ಅಕ್ಷರಗಳನ್ನು. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಗೆಳೆಯರೂ ಅದೇ ಅಕ್ಷರಗಳನ್ನು ಬೇರೆಯಾಗಿ ಬರೆದುಕೊಂಡಿದ್ದರೆ ಸಂಶಯ ಕಳೆಯುತ್ತದೆ. ಪಟ್ಟಿಯಲ್ಲಿ ಹೆಸರನ್ನು ಓದಿಕೊಂಡು ಆಮೇಲೆ ಅದನ್ನೇ ‘ಕೇಳುವುದು’ ಈ ಹವ್ಯಾಸದ ದೊಡ್ಡ ರೋಗ.

ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳ ಗದ್ದಲ ಈ ಅಲೆಗಳಿಗೆ ಶತ್ರು. ಬ್ಯಾಟರಿಯ ಗ್ರಾಹಕವುಳ್ಳವನು ಕರೆಂಟು ಹೋದುದಕ್ಕೆ ಕೊರಗಬೇಕಾಗಿಲ್ಲ.

ಆದರೆ ಕಾಲಾವಕಾಶ ಹೆಚ್ಚಿಲ್ಲ. ಉಪಗ್ರಹಗಳು ಸ್ಥಾನವನ್ನು ಕರಾರುವಾಕ್ಕಾಗಿ ತಿಳಿಸತೊಡಗಿದ ಮೇಲೆ ಹಲವು ದೇಶಗಳು ಈ ದೀಪಸ್ತಂಭಗಳನ್ನು ಒಂದೊಂದಾಗಿ ಮುಚ್ಚುತ್ತಿವೆ. ನಮ್ಮ ದೇಶದ ‘ಗಗನ್’ ವ್ಯವಸ್ಥೆಯ ಉಪಕರಣಗಳನ್ನು ಹೊತ್ತ ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಉಪಗ್ರಹಗಳು 2011 ಮತ್ತು 2012ರಲ್ಲಿ ಮೇಲೇರಿದವು. ಅಂಥ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಇರುವುದು ಇದೇ ಹಾಸನದಲ್ಲಿ! ಗುಡುಗುಮಿಂಚುಗಳ ಕರಕರೆ ಕಡಮೆಯಾಗುವ ಡಿಸೆಂಬರ್, ಜನವರಿಯ ರಾತ್ರಿಗಳು ಆಲಿಸಲು ಅನುಕೂಲ. ದಿನಾಂಕ, ಹೊತ್ತು, ಕಂಪನಸಂಖ್ಯೆ, ಅಕ್ಷರ ಇಷ್ಟನ್ನು ಕೂಡಲೇ ಬರೆದಿಡಬೇಕು.