ಬಗಲಿನಿಂದ ಎದೆಗೆ ಬಂದ ಕೂಸು

ಜಹೀರಾಬಾದಿನಿಂದ ನಾರಾಯಣಖೇಡದ ಕಡೆ ಹೋಗುವಾಗ ಹೊಲದ ಬದುವಿನ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿದ್ದರೆ ಒಳಗೊಂದು ಕೂಸಿದೆ ಎಂದೇ ತಿಳಿಯಬೇಕು. ತಾಯಿ ನಾಲ್ಕು ಸಾಲಿನ ಆಚೆ ಹತ್ತಿ ಬಿಡಿಸುತ್ತಿರುತ್ತಾಳೆ, ಇಲ್ಲವೇ ತೊಗರಿಯ ಕಳೆ ತೆಗೆಯುತ್ತಿರುತ್ತಾಳೆ. ಆಫ್ರಿಕಾದ ಎಷ್ಟೋ ಕಡೆ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹೊಲ ಅಗೆಯುತ್ತಾರೆ. ನಮ್ಮ ಕಡೆಯ ತಾಯಿ ಬಗಲಲ್ಲಿ ಹೊತ್ತು ತಂದು ಮರಕ್ಕೆ ಒಪ್ಪಿಸುತ್ತಾಳೆ. ಇದರ ಕಾರಣ ಕೆಲಸದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಹತ್ತಿ ಬಿಡಿಸುವವಳ ಉಡಿ ಹತ್ತಿಗೇ ಬೇಕು. ಕಳೆ ತೆಗೆಯುವವಳು ಕುಕ್ಕರಗಾಲಲ್ಲಿ ಕೂತು ಮುಂದೆ ಸರಿಯಬೇಕು. ಬುತ್ತಿಯೂ ಮೇವಿನ ಹೊರೆಯೂ ತಲೆಯ ಮೇಲೆ. ಕೂಸಿಗೆ ಉಳಿದದ್ದು ಬಗಲೊಂದೇ, ಅದೂ ನಡೆಯುವಷ್ಟು ಹೊತ್ತು.

ಜಹೀರಾಬಾದ್, ನಾರಾಯಣಖೇಡ 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿ. ಆ ವರ್ಷದ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಹೋದವು; ಈಗ ತೆಲಂಗಾಣದಲ್ಲಿವೆ. ಇಲ್ಲಿನ ಸಂತೆಗಳಲ್ಲಿ ಕನ್ನಡ, ತೆಲುಗು, ದಖನಿ, ಲಂಬಾಣಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಆಡುವ ಮಾತು ಯಾವುದೇ ಇರಲಿ, ಕೂಸು ಕೂರುವುದು ತಾಯಿಯ ಸೊಂಟದ ಮೇಲೆ.

ಆ ಕೂರುವಿಕೆ ಬಲು ಒಳ್ಳೆಯದು. ಸೊಂಟವನ್ನು ತಬ್ಬಿದ ಕೂಸಿನ ತೊಡೆಗಳು ಅಗಲವಾಗಿರುತ್ತವೆ, ಮೊಣಕಾಲು ಕುಂಡೆಗಿಂತ ತುಸು ಮೇಲಿರುತ್ತದೆ. ಹುಟ್ಟಿದ ಮಗುವಿನ ಸೊಂಟದ ಕೀಲು ಇನ್ನೂ ಮೆದು ಎಲುಬು. ತೊಡೆಯ ಮೂಳೆಯ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂತು ಬೆಳೆಯುವುದು ಈ ಭಂಗಿಯಲ್ಲೇ. ಕಾಲು ಜೋಡಿಸಿ, ನೇರ ಮಾಡಿ ಬಿಗಿಯಾಗಿ ಸುತ್ತಿಡುವ ಸಮುದಾಯಗಳಲ್ಲಿ ಈ ಕೀಲು ಜಾರುವ ತೊಂದರೆ ಹೆಚ್ಚು ಕಂಡಿದೆ. ಎರೆದ ಮೇಲೆ ಕೂಸಿನ ಕಾಲು ನೆಟ್ಟಗಾಗಲೆಂದು ಬಟ್ಟೆಯಲ್ಲಿ ಬಿಗಿಯುವ ಅಜ್ಜಿಯರು ನಮ್ಮಲ್ಲೂ ಇದ್ದಾರೆ. ಬೆಚ್ಚಗೆ ಸುತ್ತಲಿ, ಕಾಲು ಮಾತ್ರ ಸಡಿಲ ಬಿಡಲಿ.

ಇವತ್ತು ಊರಿನ ಅಂಗಡಿಗಳಲ್ಲಿ ಸಿಗುವ, ಕೂಸು ಹೊರುವ ಪಟ್ಟಿಚೀಲಗಳು ಹುಟ್ಟಿದ್ದು ಇಂಥ ತಾಯಂದಿರನ್ನು ನೋಡಿಯೇ. ಅಮೆರಿಕದ ನರ್ಸ್ ಆ್ಯನ್ ಮೂರ್ ಟೋಗೊ ದೇಶದಲ್ಲಿ ಕೆಲಸ ಮಾಡುವಾಗ ಕಂಡದ್ದನ್ನು ತನ್ನ ಮಗಳಿಗೆ ಹೊಲಿಸಿ, 1969ರಲ್ಲಿ ಪೇಟೆಂಟ್ ಪಡೆದರು. ಜರ್ಮನಿಯ ಎರಿಕಾ ಹಾಫ್‌ಮನ್ 1972ರಲ್ಲಿ ಅವಳಿ ಮಕ್ಕಳನ್ನು ಹೊರಲು ಮೆಕ್ಸಿಕೋದ ಶಾಲು ಕಟ್ಟಿಕೊಂಡು ಕಡೆಗೆ ಕಂಪನಿಯನ್ನೇ ತೆರೆದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ನಡೆದದ್ದು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ, ಸೋಂಕು ಹಬ್ಬುತ್ತಿತ್ತು. ದಿನ ತುಂಬದ ಕೂಸುಗಳನ್ನು ಡಾ. ಎಡ್ಗರ್ ರೇ ತಾಯಿಯ ಬರಿಯ ಎದೆಗೇ ನೆಟ್ಟಗೆ ಒರಗಿಸಿ ಬಟ್ಟೆ ಕಟ್ಟಿಸಿದರು. ತಾಯಿಯ ಮೈಬಿಸಿ, ಎದೆಹಾಲು, ಉಸಿರಿನ ಏರಿಳಿತ ಮೂರೂ ಒಟ್ಟಿಗೆ ದೊರೆತವು. ಅದೇ ಕಾಂಗರೂ ತಾಯಿ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ 1.8 ಕೆಜಿಗಿಂತ ಕಡಿಮೆ ತೂಕದ 3,211 ಶಿಶುಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ಎದೆಗೆ ಕಟ್ಟಿದವರಲ್ಲಿ 28 ದಿನದೊಳಗಿನ ಸಾವು ಶೇ 12. ಚೇತರಿಸಿಕೊಳ್ಳಲಿ ಎಂದು ಕಾದವರಲ್ಲಿ ಶೇ 15.7. ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ತಂಡ ಸರ್ಕಾರಿ ಆಸ್ಪತ್ರೆಗಳ ಜೊತೆ ನಿಂತು ಈ ಆರೈಕೆಯನ್ನು ರೂಢಿಗೆ ತಂದಿದೆ.

ಮರಕ್ಕೆ ಕಟ್ಟಿದ ಜೋಳಿಗೆಯನ್ನೇ ಹೆಗಲಿಗೆ ಇಳಿಬಿಟ್ಟು ಹಸುಗೂಸನ್ನು ಒಳಗೆ ಮಲಗಿಸುವ ರೂಢಿ ಬಗ್ಗೆ ಮಾತ್ರ ನನಗೆ ಅಂಜಿಕೆಯಿದೆ. ಕತ್ತು ನಿಲ್ಲದ ಕೂಸು ಚೀಲದಲ್ಲಿ ಮುದುಡಿದರೆ ಗದ್ದ ಎದೆಗೆ ಒತ್ತಿ ಶ್ವಾಸನಾಳ ಕಿರಿದಾಗುತ್ತದೆ. ಮೂಗಿಗೆ ಬಟ್ಟೆ ಮೆತ್ತಿದರೂ ಅಷ್ಟೇ. ಅಳುವುದಕ್ಕೂ ಉಸಿರಿರುವುದಿಲ್ಲ, ತಾಯಿ ನಿದ್ದೆ ಹತ್ತಿತೆಂದು ತಿಳಿಯುತ್ತಾಳೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚ್‌ನಲ್ಲಿ ಇದನ್ನೇ ಎಚ್ಚರಿಸಿತು. ಇಪ್ಪತ್ತು ವರ್ಷಗಳಲ್ಲಿ ಅದು ಗುರುತಿಸಿದ 14 ಸಾವುಗಳಲ್ಲಿ 12 ನಾಲ್ಕು ತಿಂಗಳೊಳಗಿನ ಕೂಸುಗಳವು.

ಆದ್ದರಿಂದ ಮೊದಲ ತಿಂಗಳುಗಳಲ್ಲಿ ಕೂಸು ಎದೆಯ ಮೇಲೆ ನೆಟ್ಟಗಿರಬೇಕು. ತಲೆ ಬಗ್ಗಿಸಿದರೆ ಮುತ್ತಿಡುವಷ್ಟು ಎತ್ತರ, ಮುಖ ಸದಾ ಕಣ್ಣಿಗೆ ಬೀಳುವಂತೆ, ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಆಡುವ ಜಾಗ. ಬಟ್ಟೆ ಮೈಗೆ ಹತ್ತಿ ಕೂರಬೇಕು, ಬೆನ್ನಿಗೆ ಆಸರೆಯಾಗಬೇಕು. ಮೆತ್ತನೆಯ ಹತ್ತಿ ಸೀರೆ ಸಾಕು. ಬೇಸಿಗೆಯ ತಾಂಡೂರಿಗೆ ದಪ್ಪ ಚೀಲಕ್ಕಿಂತ ಅದೇ ಮೇಲು. ಕತ್ತು ಗಟ್ಟಿಯಾಗಿ ನಿಂತ ಮೇಲೆ ಬಗಲಿಗೆ ಬರಲಿ, ಸೆರಗಿನ ಆಸರೆ ಕುಂಡೆಯಿಂದ ಮೊಣಕಾಲಿನ ಹಿಂಭಾಗದ ತನಕ ಸಿಗಲಿ. ಒಲೆಯ ಮುಂದೆ, ಬೈಕಿನ ಮೇಲೆ ಹೀಗೆ ಕಟ್ಟಿಕೊಳ್ಳುವುದು ಬೇಡವೇ ಬೇಡ.

ಇದನ್ನು ಕಲಿಸಲು ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನಗಳಲ್ಲಿ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ತೂಕ ನೋಡಿ, ಮೈಬಿಸಿ ಅಳೆಯುವ ಆ ಹೊತ್ತಿನಲ್ಲೇ ಬಾಣಂತಿಯ ಸೀರೆಯಲ್ಲೇ ಒಂದು ಗಂಟು ಕಟ್ಟಿ ತೋರಿಸಬಹುದು. ಎರಡೂವರೆ ಕೆಜಿಗೆ ಮುಟ್ಟದ ಕೂಸಿದ್ದ ಮನೆಯಲ್ಲಿ ಅದು ಮೊದಲ ಭೇಟಿಯಲ್ಲೇ ಆಗಲಿ, ಅತ್ತೆಯೂ ಗಂಡನೂ ಎದುರಿಗಿರಲಿ. ತಾಯಿ ಊಟಕ್ಕೆ, ನಿದ್ದೆಗೆ ಹೋದಾಗ ಎದೆಗೊರಗಿಸಿಕೊಳ್ಳಬೇಕಾದವರು ಅವರೇ.