ಮರೆವಿನ ಕಾಯಿಲೆಗೆ ಗಿಡಮೂಲಿಕೆ: ನಂಬಿಕೆ ಎಷ್ಟು, ಎಚ್ಚರ ಎಷ್ಟು?

ಯಾದಗಿರಿ, ಶಹಾಪುರ, ಸುರಪುರ ಭಾಗದ ವ್ಯಾಪಾರಿ ಮನೆತನಗಳಲ್ಲಿ ಉದ್ರಿ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ ಹಿರಿಯರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳತೊಡಗಿದರೆ, ಮನೆಯವರು "ವಯಸ್ಸಾಯಿತು" ಎಂದು ಸುಮ್ಮನಾಗುತ್ತಾರೆ. ಇಲ್ಲವೇ ಬ್ರಾಹ್ಮಿ, ಅಶ್ವಗಂಧದ ಪುಡಿ ತಂದು ಕೊಡುತ್ತಾರೆ. ಎರಡರಲ್ಲೂ ಒಂದು ಮುಖ್ಯ ಕೆಲಸ ಉಳಿದುಹೋಗುತ್ತದೆ. ಅದು ಮರೆವಿಗೆ ಕಾರಣವೇನೆಂದು ಪರೀಕ್ಷೆ ಮಾಡಿಸುವುದು.

ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಅಲ್ಝೈಮರ್. ಇದರಲ್ಲಿ ಮೆದುಳಿನೊಳಗೆ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗುತ್ತದೆ, ನರಕೋಶಗಳು ನಿಧಾನವಾಗಿ ನಾಶವಾಗುತ್ತವೆ. ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ.

ಹಾಗೆಂದು ಸಸ್ಯಗಳಲ್ಲಿ ಶಕ್ತಿಯೇ ಇಲ್ಲವೆಂದಲ್ಲ. ವೈದ್ಯರು ಬರೆದುಕೊಡುವ ಗ್ಯಾಲಂಟಮೀನ್ ಗುಳಿಗೆಯ ಮೂಲ ಸ್ನೋಡ್ರಾಪ್ ಎಂಬ ಹೂವಿನ ಗಿಡ. ಅಮೆರಿಕದಲ್ಲಿ 2001ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಅದು ಕೆಲವರಿಗೆ ಕೆಲಕಾಲ ನೆನಪಿನ ಶಕ್ತಿಗೆ ಆಸರೆಯಾಗುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಅಶ್ವಗಂಧದ ಬೇರಿನ ಸಾರದ ಬಗ್ಗೆ ವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. 30 ದಿನ ಸಾರ ಕೊಟ್ಟಾಗ ಮೆದುಳಿನ ಅಮಿಲಾಯ್ಡ್ ಕಡಿಮೆಯಾಯಿತು, ಅದನ್ನು ಹೊರಹಾಕಲು ಯಕೃತ್ತು ನೆರವಾಯಿತು ಎಂದು ಕಂಡುಬಂತು. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಶುದ್ಧೀಕರಿಸಿದ ಸಾರವೂ ಅಂಗಡಿಯ ಪುಡಿಯೂ ಒಂದೇ ಅಲ್ಲ.

ಮನುಷ್ಯರಲ್ಲಿ ಪರೀಕ್ಷಿಸಿದಾಗ ನಿರಾಸೆಯೂ ಆಗಿದೆ. ಅಮೆರಿಕದಲ್ಲಿ 3,069 ಹಿರಿಯರ ಮೇಲೆ ನಡೆದ ಗಿಂಕೊ ಎಲೆಯ ಸಾರದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ಮರೆವಿನ ಕಾಯಿಲೆಯನ್ನು ಅದು ತಡೆಯಲಿಲ್ಲ. ಅರಿಶಿನದ ಕರ್ಕ್ಯುಮಿನ್ ಅನ್ನು 24 ವಾರ ಕೊಟ್ಟ ಚಿಕ್ಕ ಪರೀಕ್ಷೆಯಲ್ಲೂ ಲಾಭ ಕಾಣಲಿಲ್ಲ. ಅದು ರಕ್ತಕ್ಕೆ ಸೇರುವುದೇ ಬಹಳ ಕಡಿಮೆ.

ಜೈನ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ಬಳಸುವ ಹಿರಿಯರಲ್ಲಿ, ವಿಟಮಿನ್ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲೂ ಇದು ಕಾಣುತ್ತದೆ. ಈ ಕೊರತೆಯಿಂದಲೂ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಇವು ಗೊತ್ತಾಗುತ್ತವೆ, ಬೇಗ ಚಿಕಿತ್ಸೆ ಮಾಡಿದರೆ ಸುಧಾರಿಸುತ್ತವೆ. ಪುಡಿಯನ್ನೇ ನಂಬಿ ವರ್ಷ ಕಳೆದರೆ ನರಗಳಿಗಾದ ಹಾನಿ ಹಾಗೆಯೇ ಉಳಿಯಬಹುದು.

ಗಿಡಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಗಿಂಕೊ ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ. ಅಶ್ವಗಂಧದಿಂದ ಕೆಲವರ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಕಂದಮೂಲ ತ್ಯಾಗ ಮಾಡಿದವರು ಅದು ಬೇರಿನದೆಂಬುದನ್ನೂ ತಿಳಿದಿರಬೇಕು. ಕ್ಯಾಪ್ಸೂಲಿನ ಹೊದಿಕೆ ಎಷ್ಟೋ ಸಲ ಪ್ರಾಣಿಜನ್ಯ ಜೆಲಾಟಿನ್ ಆಗಿರುತ್ತದೆ, ಕೇಳಿಯೇ ಕೊಳ್ಳಬೇಕು.

ಮರೆವು ಕಂಡ ಕೂಡಲೇ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬೇಕು. ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೆಚ್ಚಿನ ತಪಾಸಣೆ ದೊರೆಯುತ್ತದೆ. ಆರೈಕೆ ಮಾಡಿ ಮನಸ್ಸು ಸೋತವರು ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರು ಮರೆತದ್ದಕ್ಕೆ ಗದರದೆ, ಕೇಳಿದ್ದನ್ನು ಮತ್ತೊಮ್ಮೆ ಶಾಂತವಾಗಿ ಹೇಳುವುದೂ ಸೇವೆಯೇ.