ಗ್ಯಾಂಗು ಹುಡುಗನನ್ನು ಬದಲಿಸುವ ಬಗೆ

2024ರ ಮಾರ್ಚ್ 11ರಂದು ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿತ್ತೆಂದು ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದರು. ಅದು ಗುಂಪು, ಗ್ಯಾಂಗ್ ಅಲ್ಲ. ಸಿಟ್ಟಿಳಿದ ಮೇಲೆ ಚದುರಿ ಊರು ಸೇರಿತು. ಗ್ಯಾಂಗಿಗೆ ಕೂರಲು ಕಟ್ಟೆ ಇರುತ್ತದೆ, ಒಬ್ಬ 'ಅಣ್ಣ' ಇರುತ್ತಾನೆ, ನಾಳೆಯೂ ಅದೇ ಹುಡುಗರು ಸೇರುತ್ತಾರೆ.

ಮೊದಲೇ ಪುಂಡರಾದವರು ಗ್ಯಾಂಗ್ ಸೇರುತ್ತಾರೋ, ಸೇರಿ ಪುಂಡರಾಗುತ್ತಾರೋ? ಅಮೆರಿಕದ ರೋಚೆಸ್ಟರ್‌ನಲ್ಲಿ 1988ರಿಂದ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿದ ಟೆರೆನ್ಸ್ ಥಾರ್ನ್‌ಬೆರಿ ತಂಡ 1993ರಲ್ಲಿ ಹೇಳಿದ್ದು: ಹೆಚ್ಚಿನವರು ಸೇರುವ ಮುಂಚೆ ಉಳಿದವರಂತೆಯೇ ಇದ್ದರು, ಒಳಗಿದ್ದಾಗ ಹೊಡೆದಾಟ ಏರಿತು, ಬಿಟ್ಟ ಮೇಲೆ ಇಳಿಯಿತು. ನಂತರದ ಅಧ್ಯಯನಗಳು ಎರಡೂ ವಾದಗಳಲ್ಲಿ ನಿಜವಿದೆ ಎಂದವು. ಆದರೂ ಒಳಗಿದ್ದಾಗಿನ ಆ ಏರಿಕೆಯನ್ನು ಅವೂ ಅಲ್ಲಗಳೆಯಲಿಲ್ಲ.

ಏಕೆ ಏರುತ್ತದೆ? ಮುಖ್ಯವಾಗಿ ಹವಾ. ಹಾವೇರಿ ಜಿಲ್ಲೆಯದೇ ಉದಾಹರಣೆ ಇದೆ. 2024ರ ಜನವರಿಯ ಹಾನಗಲ್ ಸಾಮೂಹಿಕ ಅತ್ಯಾಚಾರ ಪ್ರಕರಣದ ಏಳು ಆರೋಪಿಗಳಿಗೆ 2025ರ ಮೇನಲ್ಲಿ ಜಾಮೀನು ಸಿಕ್ಕಾಗ ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ನಡೆಯಿತು. ವಿಡಿಯೊ ಊರೆಲ್ಲ ಹರಿದಾಡಿತು, ಪೊಲೀಸರು ಮತ್ತೆ ಕೇಸು ಹಾಕಿದರು. ಆರೋಪ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಆದರೆ ರಸ್ತೆ ಬದಿ ನಿಂತು ನೋಡಿದ ಹದಿನೈದರ ಹುಡುಗ, ಜೈಲಿಗೆ ಹೋಗಿಬಂದರೂ ಮರ್ಯಾದೆ ಸಿಗುತ್ತದೆಂದು ಅಲ್ಲೇ ಕಲಿತ. ಇದು ನನ್ನನ್ನು ಕಂಗೆಡಿಸುತ್ತದೆ.

ಗೆಳೆಯರು ನೋಡುತ್ತಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟದಲ್ಲೇ ತೋರಿಸಿದರು. ಇನ್ನು ಋಣ. ಬೈಕಿನ ಪೆಟ್ರೋಲು, ಊಟ, ಜಗಳವಾದಾಗ ಬಂದು ನಿಲ್ಲುವವರು ಎಲ್ಲವೂ ಅಣ್ಣನದೇ. ಹೀಗಿರುವಾಗ 'ಒಂದು ಸಣ್ಣ ಕೆಲಸ ಐತಿ, ಬಾ' ಎಂದರೆ ಒಲ್ಲೆ ಅನ್ನಲು ಬಾಯಿ ಬರುವುದಿಲ್ಲ. ತಪ್ಪು ಹತ್ತು ಜನರಲ್ಲಿ ಹಂಚಿಹೋಗುತ್ತದೆಂಬ ಧೈರ್ಯವೂ ಇರುತ್ತದೆ. ಕಾನೂನು ಮಾತ್ರ ಹಾಗೆ ಹಂಚುವುದಿಲ್ಲ: ಭಾರತೀಯ ನ್ಯಾಯ ಸಂಹಿತೆಯ 190ನೇ ಸೆಕ್ಷನ್ ಪ್ರಕಾರ, ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟದ ಉದ್ದೇಶಕ್ಕಾಗಿ ಒಬ್ಬ ಎಸಗಿದ ಅಪರಾಧಕ್ಕೆ ಪ್ರತಿಯೊಬ್ಬನೂ ಹೊಣೆ.

ಬಿಟ್ಟರೆ ಇಳಿಯುತ್ತದೆ ಎನ್ನುವುದೇ ಹಾವೇರಿ, ರಾಣೆಬೆನ್ನೂರಿನ ತಂದೆತಾಯಿಗೆ ಹಿಡಿದುಕೊಳ್ಳಲು ಇರುವ ಎಳೆ. ಹುಡುಗನನ್ನು ಮನೆಯಿಂದ ಹೊರಹಾಕಿದರೆ ಅವನಿಗೆ ಕಟ್ಟೆಯೊಂದೇ ಉಳಿಯುತ್ತದೆ. ಸಂಜೆಯ ಹೊತ್ತಿಗೆ ಕೆಲಸವೋ ಕಬಡ್ಡಿಯೋ ಗರಡಿಯೋ ಸಿಗಬೇಕು. ಅಪ್ರಾಪ್ತರನ್ನು ಅಕ್ರಮಕ್ಕೆ ಬಳಸುವ ವಯಸ್ಕನಿಗೆ ಬಾಲ ನ್ಯಾಯ ಕಾಯ್ದೆ 2015ರ 83ನೇ ಸೆಕ್ಷನ್ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ ಹೇಳುತ್ತದೆ. ಹದಿನೆಂಟರೊಳಗಿನ ಹುಡುಗನಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.